ವಾಯಿದೆ ಮುಗಿಯಿತಂತೆ

ಸಾಹುಕಾರನ ಸಾಲದ ಪತ್ರಕ್ಕೆ ವಾಯಿದೆ ಮುಗಿದದ್ದನ್ನು ನಮ್ಮ ಕೇರಿಗಳು ಕಂಡಿಲ್ಲ. ಅಜ್ಜ ಒತ್ತಿದ ಹೆಬ್ಬೆಟ್ಟಿಗೆ ಮೊಮ್ಮಗ ಜೀತ ಮಾಡಿದ. ಆದರೆ ಕೆಲಸದ ಜಾಗದಲ್ಲಿ ಹೆಣ್ಣಿನ ಮೈಮೇಲೆ ಕೈ ಹಾಕಿದವನ ವಿರುದ್ಧ ದೂರು ಕೊಡಲು ಮೂರೇ ತಿಂಗಳ ವಾಯಿದೆ. 2013ರ ಕಾಯಿದೆಯ 9ನೇ ಕಲಮು ಹೇಳುವುದು ಇಷ್ಟು: ಘಟನೆ ನಡೆದ ದಿನದಿಂದ, ಮತ್ತೆ ಮತ್ತೆ ನಡೆದಿದ್ದರೆ ಕೊನೆಯದರಿಂದ, ಮೂರು ತಿಂಗಳೊಳಗೆ ಬರೆದು ಕೊಡಬೇಕು. ತಡಕ್ಕೆ ಕಾರಣ ಸಮಿತಿಗೆ ಒಪ್ಪಿಗೆಯಾದರೆ ಇನ್ನು ಮೂರು ತಿಂಗಳು. ಅಲ್ಲಿಗೆ ಮುಗೀತು.

ಯಾರ ಮೂರು ತಿಂಗಳು ಇದು? ನಮ್ಮ ಹೆಣ್ಣುಮಕ್ಕಳು ಕೋಳಿ ಕೂಗೋ ಹೊತ್ತಿಗೆ ಎದ್ದು, ಮುದ್ದೆ ಮಾಡಿಟ್ಟು, ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾರೆ. ಸೂಪರ್‌ವೈಜರ್ ಕೈ ಹಾಕಿದರೆ ಮೊದಲ ತಿಂಗಳು ‘ನಂದೇ ಏನೋ ತಪ್ಪಿರಬೇಕು’ ಅನ್ನುವುದರಲ್ಲೇ ಕಳೆಯುತ್ತದೆ. ಎರಡನೆಯದು ಗಂಡನಿಗೆ ಹೇಳಲೋ ಬೇಡವೋ ಎಂಬುದರಲ್ಲಿ. ಹೇಳಿದರೆ ‘ನಾಳೆಯಿಂದ ಹೋಗ್ಬೇಡ ಬಿಡು’ ಅಂತಾನೆ, ಶಿಕ್ಷೆ ಇವಳಿಗೇ. ಕೆಲಸ ಬಿಟ್ಟವಳೂ ಪಿ.ಎಫ್. ದುಡ್ಡು ಕೈಗೆ ಬರೋ ತನಕ ತುಟಿ ಬಿಚ್ಚಳು. (ಅದೇ ಪಿ.ಎಫ್. ದುಡ್ಡಿಗೆ ಹೊಸ ನಿಯಮದ ಬೀಗ ಬೀಳುತ್ತದೆಂದಾಗ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ರಸ್ತೆಗಿಳಿದವರು ಇವರೇ. ಬಾಯಿಲ್ಲದವರಲ್ಲ.) ‘ಯಾಕಕ್ಕ ಆವಾಗ್ಲೆ ಹೇಳ್ಲಿಲ್ಲ?’ ಎಂದರೆ, ‘ಯಾರ್ಗೆ ಹೇಳನಪ್ಪ, ಸಮಿತಿಲಿ ಕುಂತಿರೋಳೂ ಅವ್ರ ಸಂಬ್ಳ ತಿನ್ನೋಳೆಯ’ ಅಂತಾರೆ.

ಈ ಕಾಯಿದೆಯ ಬೇರು ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿದೆ. 1992ರಲ್ಲಿ ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸ ಮಾಡಿದ್ದಕ್ಕೆ ಕುಂಬಾರ ಜಾತಿಯ ಭಂವರಿ ದೇವಿಯ ಮೇಲೆ ಮೇಲ್ಜಾತಿಯವರು ಸಾಮೂಹಿಕ ಅತ್ಯಾಚಾರ ಮಾಡಿದರು. ಅವಳು ತಡ ಮಾಡಲಿಲ್ಲ. ಠಾಣೆಗೂ ಆಸ್ಪತ್ರೆಗೂ ಅಲೆಸಿದವರು ತಡ ಮಾಡಿದರು. ವೈದ್ಯಕೀಯ ಪರೀಕ್ಷೆಯಾಗುವಷ್ಟರಲ್ಲಿ ಎರಡು ದಿನ ದಾಟಿತ್ತು. 1995ರಲ್ಲಿ ಕೆಳಗಿನ ಕೋರ್ಟು ಅತ್ಯಾಚಾರದ ಆರೋಪದಿಂದ ಅವರನ್ನು ಬಿಟ್ಟಿತು. ಆಕೆಯ ನೋವಿನಿಂದಲೇ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂತು. ಅದನ್ನು ಕಾಯಿದೆ ಮಾಡಲು ದೆಹಲಿಗೆ ಹದಿನಾರು ವರ್ಷ ಬೇಕಾಯಿತು. ಅವರಿಗೆ ವಾಯಿದೆ ಹಾಕಿದವರು ಯಾರೂ ಇಲ್ಲ.

ಓದಿದವರಾದರೆ ಗಡುವಿನೊಳಗೆ ಬರುತ್ತಾರೆ ಎನ್ನುವವರು ಕೋಲ್ಕತ್ತಾದ ಕಡೆ ನೋಡಲಿ. ಅಲ್ಲಿ ಕಾನೂನು ವಿಶ್ವವಿದ್ಯಾಲಯವೊಂದರ ಅಧ್ಯಾಪಕಿ ಕುಲಪತಿಯ ಮೇಲೆ ದೂರು ಕೊಟ್ಟರು. ಕೊನೆಯ ಘಟನೆ 2023ರ ಏಪ್ರಿಲ್‌ನದು, ದೂರು ಡಿಸೆಂಬರ್‌ನದು. ಆರು ತಿಂಗಳು ದಾಟಿದೆ ಎಂದು ಸ್ಥಳೀಯ ಸಮಿತಿ ತಳ್ಳಿಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ವಾಯಿದೆ ಮುಗಿದದ್ದು ಸರಿಯೆಂದಿತು. ಆದರೆ ಈ ತೀರ್ಪು ಆತನ ಬಯೋಡೇಟಾದಲ್ಲಿ ಸೇರಬೇಕು ಎಂದೂ ಹೇಳಿತು. ವಿಚಾರಣೆಯಿಲ್ಲ, ಬಯೋಡೇಟಾ ಉಂಟು! ಕಾನೂನು ಪಾಠ ಹೇಳುವವರಿಗೇ ಹೀಗಾದರೆ ಕಸ ಗುಡಿಸುವವಳ ಪಾಡೇನು?

ಇನ್ನೊಂದು ಬಾಗಿಲಿದೆ, ನಮ್ಮವರಿಗೇ ಗೊತ್ತಿಲ್ಲ. ಕ್ರಿಮಿನಲ್ ಕಾನೂನಿನಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಅಪರಾಧಕ್ಕೆ ವಾಯಿದೆಯೇ ಇಲ್ಲ. ಅತ್ಯಾಚಾರಕ್ಕಂತೂ ಇಲ್ಲವೇ ಇಲ್ಲ. ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಿದ್ದುಪಡಿಯಾಗಿದೆ. ದಲಿತ ಹೆಣ್ಣೆಂದು ತಿಳಿದೂ ಒಪ್ಪಿಗೆಯಿಲ್ಲದೆ ಕಾಮದಿಂದ ಮೈಮುಟ್ಟಿದ ಸವರ್ಣೀಯನಿಗೆ ಆರು ತಿಂಗಳಿಂದ ಐದು ವರ್ಷ ಜೈಲು. ಅಂದರೆ ಸಮಿತಿ ‘ತಡವಾಯ್ತು ಹೋಗಮ್ಮ’ ಎಂದ ಮೇಲೂ ಠಾಣೆಗೆ ಹೋಗಬಹುದು. ಠಾಣೆಯ ಮೆಟ್ಟಿಲು ಹತ್ತುವುದು ಎಷ್ಟು ಕಷ್ಟವೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸಮಿತಿಯ ಬಾಗಿಲು ಮುಚ್ಚಬಾರದು ಎನ್ನುವುದು ಅದಕ್ಕೇ.

ಮೂರು ತಿಂಗಳನ್ನು ಒಂದು ವರ್ಷ ಮಾಡಬೇಕೆಂಬ ಖಾಸಗಿ ಮಸೂದೆಯೊಂದು 2024ರಲ್ಲಿ ರಾಜ್ಯಸಭೆಗೆ ಬಂತು. ಒಂದು ವರ್ಷವೂ ಸಾಲದು ಎನ್ನುತ್ತೇವೆ ನಾವು. ಅವನ ಕೈಕೆಳಗಿಂದ ಅವಳು ಬಿಡುಗಡೆಯಾದ ದಿನದಿಂದ ಲೆಕ್ಕ ಶುರುವಾಗಲಿ.

ಅಲ್ಲಿಯವರೆಗೆ ಹಳ್ಳಿಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಒಂದು ಕೆಲಸವಿದೆ. ಹತ್ತು ಜನರಿಗಿಂತ ಕಡಿಮೆ ಇರುವ ಜಾಗದವರು, ಮನೆಗೆಲಸದವರು, ಮಾಲೀಕನ ಮೇಲೆಯೇ ದೂರು ಇರುವವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ದೂರು ಪಡೆದು ಏಳು ದಿನದಲ್ಲಿ ಸಮಿತಿಗೆ ಕಳಿಸಲು ತಾಲ್ಲೂಕಿಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಕಾಯಿದೆಯೇ ಹೇಳುತ್ತದೆ. ನಿಮ್ಮ ತಾಲ್ಲೂಕಿನಲ್ಲಿ ಅದು ಯಾರು? ಆಫೀಸಿಗೆ ಹೋಗಿ ಹೆಸರು ಕೇಳಿ, ಶಾಲೆಯ ಗೋಡೆಗೆ ಬರೆಯಿರಿ. ಅಕ್ಷರ ಬಾರದವಳು ಬಂದರೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಡಿ. ತಾರೀಖು ಮೊದಲು ಬರೆಯಿರಿ.