ಹಿಂದೆ ಏನೂ ಇಲ್ಲ

ಸಮೀರವಾಡಿಯಲ್ಲಿ ಬೆಳೆದವನಿಗೆ ಕಾಲಗಳು ಎರಡೇ: ಕಾರ್ಖಾನೆ ಕಬ್ಬು ನುರಿಸುವ ಕಾಲ, ನುರಿಸದ ಕಾಲ. ಹಂಗಾಮು ಶುರುವಾಯಿತೆಂದರೆ ಊರು ಕಾಕಂಬಿಯ ವಾಸನೆಯನ್ನೇ ಹೊದ್ದು ಮಲಗುತ್ತದೆ. ಮಹಾಲಿಂಗಪುರದ ರಸ್ತೆಯ ತುಂಬ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು, ಜೊತೆಗೆ ಕಿವಿ ಹರಿಯುವ ಹಾಡು. ಆ ಧೂಳಿನಿಂದ ತಪ್ಪಿಸಿಕೊಳ್ಳಲೆಂದೇ ನಾನು ಧಾರವಾಡದಲ್ಲಿ ಎಂಬಿಎ ಮಾಡಿ, ಬೆಂಗಳೂರಿನಲ್ಲಿ ಕಾರು ಮಾರುವ ಕೆಲಸ ಹಿಡಿದೆ.

ಊರು ಅದನ್ನು ತನಗೆ ತಿಳಿದಂತೆ ಅರ್ಥ ಮಾಡಿಕೊಂಡಿತು. ಹಬ್ಬಕ್ಕೆ ಹೋದಾಗ ಕಾಕಾ ಕೆಟ್ಟ ಟ್ರ್ಯಾಕ್ಟರನ್ನು ಅಂಗಳಕ್ಕೇ ತಂದು ನಿಲ್ಲಿಸಿದ. “ಎರಡ ವರ್ಷ ಕಲ್ತು ಬಂದೀಯಲ್ಲ ತಮ್ಮಾ, ಕ್ಲಚ್ ನೋಡು.” ನಾನು ಕಲಿತದ್ದು ಗಿರಾಕಿಯ ಮನಸ್ಸು ಎಂದು ವಿವರಿಸಿದೆ. ಕಾಕಾನ ಕಣ್ಣಲ್ಲಿ ಕರುಣೆ ಮೂಡಿತು. “ಹಂಗಾರ ಬಿಚ್ಚಾಕ ಬರಂಗಿಲ್ಲ, ಮಾರಾಕಷ್ಟ ಬರತೈತಿ.” ನನ್ನ ಪದವಿಯನ್ನು ಯಾವ ಪ್ರಾಧ್ಯಾಪಕರೂ ಇಷ್ಟು ನಿಖರವಾಗಿ ವಿವರಿಸಿರಲಿಲ್ಲ.

ಮಾನ ಉಳಿಸಿಕೊಳ್ಳಲು ಅಪ್ಪನ ಮುಂದೆ ಲಕ್ಷ್ಮಣರಾವ್ ಕಿರ್ಲೋಸ್ಕರರ ಕಥೆ ತೆಗೆದೆ: 1888ರಲ್ಲಿ ಬೆಳಗಾವಿಯಲ್ಲಿ ಇಟ್ಟ ಸೈಕಲ್ ಅಂಗಡಿ, 1997ರಲ್ಲಿ ಹುಟ್ಟಿದ ಬಿಡದಿಯ ಟೊಯೋಟಾ ಕಿರ್ಲೋಸ್ಕರ್. ಆ ಹೆಸರೆಂದರೆ ಅಪ್ಪನಿಗೆ ಪಂಪು. ತಲೆಯಾಡಿಸಿ ಹೇಳಿದ, “ಅವ್ರು ಸೈಕಲ್ ಬಿಚ್ಚಿ ಕಲ್ತಿದ್ರು, ಬಿಡು.”

ನಾನು ಕಾರು ಕೊಂಡ ವರ್ಷವೇ ಅಪ್ಪ ಟ್ರ್ಯಾಕ್ಟರ್ ಮಾರಿದ. ಓಡಿಸುವವರಿರಲಿಲ್ಲ. ಮಾರುವ ವಿದ್ಯೆ ಕಲಿತ ಮಗನಿದ್ದರೂ ಚೌಕಾಶಿಯನ್ನೇ ಮಾಡದೆ ಮೊದಲು ಬಂದ ಗಿರಾಕಿಗೆ ಕೊಟ್ಟುಬಿಟ್ಟ.

ಕಳೆದ ದೀಪಾವಳಿಗೆ ಅವನನ್ನು ಕಾರಿನಲ್ಲಿ ಮುಧೋಳಕ್ಕೆ ಕರೆದೊಯ್ದೆ. ಪ್ರತಿ ತಿರುವಿಗೂ ಅಪ್ಪ ಕತ್ತು ಹೊರಳಿಸಿ ಹಿಂದೆ ನೋಡುತ್ತಿದ್ದ.

“ಏನ್ ನೋಡಾಕತ್ತೀ ಅಪ್ಪಾ?”

“ಟ್ರೇಲರ್ ಬರಾಕತ್ತಾವಿಲ್ಲೊ ಅಂತ.” ಆಮೇಲೆ ತಾನೇ ನಕ್ಕ. ನಲವತ್ತು ವರ್ಷದ ರೂಢಿ.

“ಹಿಂದ ಏನೂ ಇಲ್ಲಪಾ” ಎಂದೆ. ಅಪ್ಪ ಸುಮ್ಮನಾದ. ಆಡಬಾರದ ಮಾತು ಆಡಿದೆನೆಂದು ಅನ್ನಿಸಿತು.

ಬಂಕಿನಲ್ಲಿ ಮಾತು ಬದಲಿಸಲು ಹೇಳಿದೆ: ಈಗ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್, ಅದರಲ್ಲಿ ಮೆಕ್ಕೆಜೋಳದ್ದು ಇರುವಂತೆ ಕಬ್ಬಿನದೂ ಇರುತ್ತದೆ, ನಮ್ಮ ಸಮೀರವಾಡಿಯ ಕಾರ್ಖಾನೆಯೂ ಅದನ್ನು ತಯಾರಿಸುತ್ತದೆ.

ಅಪ್ಪ ಪೈಪನ್ನೇ ದಿಟ್ಟಿಸಿದ. “ಎಣ್ಣಿ ಟ್ಯಾಂಕ್ ಎಲ್ಲೈತಿ?”

“ಹಿಂದ.”

“ಮತ್ತ, ಹಿಂದ ಏನೂ ಇಲ್ಲ ಅಂದಿ?”

ಅಲ್ಲಿಂದ ಊರು ಮುಟ್ಟುವವರೆಗೆ ಅಪ್ಪ ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ.