ಕೊಬ್ಬರಿ ವಾಸನೆಯ ವೈನು

ಲೊಕ್ಕನಹಳ್ಳಿಯ ನಮ್ಮನೆ ಫ್ರಿಜ್ಜಿನಲ್ಲಿ ಹಾಲು, ಮೊಸರು, ದೋಸೆ ಹಿಟ್ಟು ಬಿಟ್ಟರೆ ಹೆಚ್ಚೇನೂ ಇರುವುದಿಲ್ಲ. ವರ್ಕ್ ಫ್ರಮ್ ಹೋಮ್ ಅಂತ ಎರಡು ವಾರ ಊರಿಗೆ ಬಂದಿದ್ದ ನಾನು, ಅದರೊಳಗೆ ಸೊಪ್ಪಿನ ಕವರಿನ ಹಿಂದೆ ಎರಡು ಬಾಟಲಿ ವೈಟ್ ವೈನ್ ಮಲಗಿಸಿದ್ದೆ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ, ಟವೆಲ್ಲು ಸುತ್ತಿ ತಂದದ್ದು.

ಕಾರಣ ಸಣ್ಣದು. ಆಫೀಸಿನ ಪಾರ್ಟಿಯಲ್ಲಿ ಯಾರೋ ಗ್ಲಾಸು ತಿರುಗಿಸಿ 'ಓಕ್ ಚೆನ್ನಾಗಿ ಬಂದಿದೆ' ಅಂದರು, ನಾನೂ ತಲೆಯಾಡಿಸಿದೆ. ಓಕ್ ಮರವನ್ನೇ ನಾನು ನೋಡಿಲ್ಲ. ನನಗೆ ಗೊತ್ತಿರೋದು ತೇಗ, ಹೊನ್ನೆ, ಬೀಟೆ. ಆ ಸುಳ್ಳು ತಲೆಯಾಟ ಬಹಳ ದಿನ ಕೊರೀತಾ ಇತ್ತು.

ಎರಡೂ ವಿಯೋನ್ಯೇ ಅನ್ನೋ ದ್ರಾಕ್ಷಿಯವೇ. ಒಂದು ನಂದಿಬೆಟ್ಟದ ಕಡೆಯ ಗ್ರೋವರ್ ಜಂಪಾದವರ ವಿಜಯ್ ಅಮೃತರಾಜ್ ರಿಸರ್ವ್, ಓಕ್ ಪೀಪಾಯಿಯಲ್ಲಿ ಕೂತು ಬಂದದ್ದು. ಇನ್ನೊಂದು ಮರವನ್ನೇ ಕಾಣದ ಸ್ಟೀಲ್ ಟ್ಯಾಂಕಿನದು. ಪೀಪಾಯಿ ಕಟ್ಟುವಾಗ ಒಳಮೈಯನ್ನು ಬೆಂಕಿಯಲ್ಲಿ ಹದವಾಗಿ ಸುಡ್ತಾರೆ. ಆಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಆಗುತ್ತದೆ, ವೆನಿಲಾ ಐಸ್‌ಕ್ರೀಮಿನ ವಾಸನೆ ಅದೇ. ಮರದಲ್ಲಿ ಲ್ಯಾಕ್ಟೋನ್ ಅಂತ ಇನ್ನೊಂದಿದೆ. ಇಷ್ಟೆಲ್ಲ ಓದಿಕೊಂಡೇ ಕೂತಿದ್ದೆ, ಪರೀಕ್ಷೆಯ ಹಿಂದಿನ ರಾತ್ರಿ ಥರ.

ಅವ್ವ ಪಕ್ಕದ ಬೀದಿಗೆ ಹೋಗಿದ್ದಳು. ಎರಡು ಗಾಜಿನ ಲೋಟಕ್ಕೆ ಸುರಿದು, ಒಂದರ ತಳಕ್ಕೆ ಅರಿಶಿನದ ಬೊಟ್ಟಿಟ್ಟು, ಕಣ್ಣು ಮುಚ್ಚಿ ಅದಲು ಬದಲು ಮಾಡಿದೆ. ಜೊತೆಗೆ ಒಡೆಯರಪಾಳ್ಯದ ಟಿಬೆಟನ್ ಕ್ಯಾಂಪಿನಿಂದ ತಂದ ಮೊಮೊ. ಕುಡಿದೆ. ಎರಡೂ ಒಂದೇ! ತಣ್ಣಗೆ, ಹುಳಿಹುಳಿ. ಇಷ್ಟು ದುಡ್ಡು ಕೊಟ್ಟು ತಂದದ್ದಕ್ಕೆ ಹೊಟ್ಟೆ ಉರೀತು.

ಅಷ್ಟರಲ್ಲಿ ಕರೆಂಟು ಹೋಯ್ತು. ಬರಲಿ ಅಂತ ಕತ್ತಲಲ್ಲೇ ಕೂತೆ. ಅರ್ಧ ಗಂಟೆ ಆಗಿರಬೇಕು, ಅವ್ವ ಮೊಬೈಲ್ ಟಾರ್ಚು ಹಿಡಿದು ಒಳಗೆ ಬಂದವಳು ಹೊಸ್ತಿಲಲ್ಲೇ ನಿಂತಳು.

"ಏನ್ಲಾ ಮಗ, ಕೊಬ್ರಿ ಸುಟ್ಟ ವಾಸ್ನ ಬತ್ತಾ ಅದ?"

ಲೋಟ ಎತ್ತಿ ಮೂಸಿದೆ. ಹೌದು. ಒಂದರಲ್ಲಿ ಮಾತ್ರ. ಒಣ ಕೊಬ್ಬರಿ, ಹಿಂದೆಯೇ ಒಂಚೂರು ಹೊಗೆ. ತಳ ತಿರುಗಿಸಿ ಟಾರ್ಚಿಗೆ ಹಿಡಿದರೆ ಅರಿಶಿನ! ಫ್ರಿಜ್ಜಿನ ನಾಲ್ಕು ಡಿಗ್ರಿಯಲ್ಲಿ ವಾಸನೆ ಏಳೋದೇ ಇಲ್ಲ, ಓಕ್ ವೈನಿಗೆ ಹತ್ತು ಹದಿಮೂರು ಡಿಗ್ರಿಯಾದರೂ ಬೇಕು ಅನ್ನೋದು ಆಮೇಲೆ ಹೊಳೀತು. ಲ್ಯಾಕ್ಟೋನ್ ಅಂತ ನಾನು ಓದಿದ್ದೆನಲ್ಲ, ಅದರದ್ದೇ ಕೊಬ್ಬರಿ ವಾಸನೆ. ಅವ್ವ ಬರೀ ಮೂಗಲ್ಲಿ ಪಾಸಾದಳು.

ಖುಷಿಯಲ್ಲಿ ಎಲ್ಲ ಬಾಯಿಬಿಟ್ಟೆ. ದ್ರಾಕ್ಷಿ, ಪೀಪಾಯಿ, ನಂದಿಬೆಟ್ಟ. ಅವ್ವ ಟಾರ್ಚು ಆರಿಸಿ ಗೋಡೆಗೊರಗಿ ಕೂತಳು.

"ದಿನಾ ಕುಡ್ದೀಯಾ?"

"ಇಲ್ಲ ಅವ್ವ. ರುಚಿ ನೋಡಕ್ಕೆ ಅಷ್ಟೇ."

"ನಿಮ್ಮಪ್ಪನೂ ಹಂಗೇ ಅಂದಿದ್ದ."

ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಅಪ್ಪ ಹೋದದ್ದು ಅದಕ್ಕೂ ಎರಡು ವರ್ಷ ಮೊದಲು. ಅವನು ಕುಡಿದು ಬಿಸಾಕಿದ ಸಾರಾಯಿ ಪ್ಯಾಕೆಟ್ಟುಗಳನ್ನು ಬೆಳಿಗ್ಗೆ ಹಟ್ಟಿ ಮುಂದೆ ಗುಡಿಸುತ್ತಿದ್ದವಳು ಅವ್ವ, ಸ್ಕೂಲಿಗೆ ಹೋಗೋ ಮುಂಚೆ ಒಮ್ಮೊಮ್ಮೆ ನಾನು. ಅದಕ್ಕೆ ಯಾವ ವಾಸನೆ ಇತ್ತು ಅಂತ ಇಬ್ಬರಿಗೂ ನೆನಪಿದೆ. ನಾನು 'ಇದು ಬೇರೆ ಅವ್ವ' ಅನ್ನೋಕೆ ಬಾಯಿ ತೆರೆದೆ, ಅನ್ನಲಿಲ್ಲ. ಪರ್ಸೆಂಟೇಜು, ಮಿತಿ, ರುಚಿ ಎಲ್ಲ ವಾದವೂ ನನ್ನ ಹತ್ತಿರ ತಯಾರಿತ್ತು, ಅವಳಿಗೆ ಅಪ್ಪನ ಹತ್ತು ವರ್ಷ ಗೊತ್ತಿತ್ತು.

"ಎಷ್ಟಾಯ್ತು ಇದ್ಕ?" ಅಂದಳು. ಅರ್ಧಕ್ಕರ್ಧ ಕಮ್ಮಿ ಹೇಳಿದೆ. ಅದಕ್ಕೇ ಬೈದಳು.

ಬೆಳಿಗ್ಗೆ ಎದ್ದು ಹಿತ್ತಿಲಿಗೆ ಹೋದರೆ, ಎರಡೂ ಬಾಟಲಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. "ಗಾಜು ಗಟ್ಟಿ ಅದ. ಹರಳೆಣ್ಣೆಗ ಆಯ್ತದ" ಅಂದಳು. ಉಳಿದಿದ್ದ ವೈನು ಎಲ್ಲಿ ಹೋಯ್ತು ಅಂತ ನಾನು ಕೇಳಲಿಲ್ಲ.