ಜಾಳು ಧೋತರ

ಕೆನಾಲಿನ ನೀರು ಬಂದಾದ ಸುದ್ದಿಯನ್ನು ನಮಗೆ ಮೊದಲು ಮುಟ್ಟಿಸುತ್ತಿದ್ದವು ಬೆಳ್ಳಕ್ಕಿಗಳು. ಹೋಳಿಯ ಬಣ್ಣ ಕಿವಿಯ ಹಿಂದೆ ಇನ್ನೂ ಹತ್ತಿಕೊಂಡಿರುವಾಗ, ಉಗಾದಿಗೆ ವಾರವೊಪ್ಪತ್ತು ಇರುವಾಗ, ಅವು ದಂಡೆಗುಂಟ ಸಾಲಾಗಿ ಕೂತವೆಂದರೆ ನೀರು ಮೊಣಕಾಲಿಗೆ ಇಳಿದಿದೆಯೆಂದೇ ಲೆಕ್ಕ. ಅವತ್ತು ಪಾಟೀಚೀಲಗಳೆಲ್ಲ ಬೇವಿನ ಬುಡಕ್ಕೆ.

ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಕಟ್ಟಿದ್ದು 1897ರಲ್ಲಿ, ಹಿಡಕಲ್ ಜಲಾಶಯ ಮುಗಿದದ್ದು 1977ರಲ್ಲಿ. ಆ ನೀರಿನಿಂದ ನಮ್ಮ ಕಡೆ ಕಬ್ಬು ಬಂತೆಂದು ದೊಡ್ಡವರು ಹೇಳುತ್ತಿದ್ದರು. ಮೀನೂ ಬಂತೆಂಬುದನ್ನು ಅವರ್ಯಾರೂ ಹೇಳಲಿಲ್ಲ, ನಾವೇ ಕಂಡುಕೊಂಡೆವು. ನೀರು ನಿಂತಾಗ ಕಾಲುವೆಯ ತಗ್ಗುಗಳಲ್ಲಿ ಸಣ್ಣ ಸಣ್ಣ ಮಡುಗಳು ಉಳಿಯುತ್ತಿದ್ದವು. ಅವುಗಳಲ್ಲಿ ಕಿರುಬೆರಳಿನುದ್ದದ ಬೆಳ್ಳಿ ಮೀನು, ನೂರಾರು. ಒಂದು ತಿರುಗಿದರೆ ಎಲ್ಲವೂ ತಿರುಗುವವು; ಮಡುವಿನ ತುಂಬ ಯಾರೋ ಚೂರುಗನ್ನಡಿ ಆಡಿಸಿದ ಹಾಗೆ.

ನಮ್ಮೂರಿಗೂ ನೀರಿಗೂ ನಂಟು ಹಳೆಯದಿರಬೇಕು. ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದ, ಶಕವರ್ಷ 1127ರ ಇಲ್ಲಿಯ ಶಾಸನದಲ್ಲಿ ಊರಿನ ಹೆಸರು ಕಲ್ಪೊಳೆ. ಪೊಳೆಯೆಂದರೆ ಹೊಳೆಯಲ್ಲವೇ? ಕಲ್ಲಿನ ಹೊಳೆ! ಪಂಡಿತರು ಬೇರೆ ಅರ್ಥ ಹೇಳಿದರೆ ಹೇಳಲಿ, ಮೀನು ಹಿಡಿದವನಿಗೆ ಈ ಅರ್ಥ ಸಾಕು.

ಬಲೆ ಇದ್ದದ್ದು ಅಂಬಿಗರ ಮನೆಯ ಗೆಳೆಯನ ಹತ್ತಿರ. ನನ್ನ ಪಾಲಿನ ಬಂಡವಾಳ ಅಜ್ಜನ ಹಳೆ ಧೋತರ. ಒಗೆದೊಗೆದು ಜಾಳಾದದ್ದೇ ಬೇಕು; ಹೊಸದಾದರೆ ನೀರು ಸೋಸದೆ ಜೋಳಿಗೆಯಂತೆ ಉಬ್ಬಿ ನಮ್ಮನ್ನೇ ಎಳೆಯುತ್ತದೆ. ಇಬ್ಬರು ಚುಂಗು ಹಿಡಿದು ಕೆಳಗಂಚನ್ನು ಕೆಸರಿಗೆ ತಾಗಿಸಿ ನಿಲ್ಲಬೇಕು, ಮೂರನೆಯವನು ಎದುರಿನಿಂದ ಮೆಲ್ಲಗೆ ಮೀನು ಬೆದರಿಸುತ್ತ ಬರಬೇಕು. ಆ ಮೆಲ್ಲಗೆ ಅನ್ನುವುದೇ ನಮಗೆ ಬಾರದು. ದಂಡೆಯ ಮೇಲೆ ಬೀಡಿ ಸೇದುತ್ತ ಕೂತ ಗೆಳೆಯನ ಅಜ್ಜ ಗದರುತ್ತಿದ್ದ: “ಲೇ ತಮ್ಮಾ, ಮೀನಕ್ಕ ಕಿವಿ ಇಲ್ಲಂತ ತಿಳಕೊಂಡಿ ಏನ? ಕಾಲ ಸಾವಕಾಶ ಇಡೋ!”

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಭಾಗ ಬರೆದಿದ್ದಾನೆ; ಯಾವ ಮೀನಿಗೆ ಯಾವ ಎರೆ, ಗಾಳ ಹೇಗಿರಬೇಕು ಎಂದೆಲ್ಲ. ಅರಸನ ವಿನೋದ, ದೊಡ್ಡ ಮೀನಿನದು. ಕಿರುಬೆರಳಿನ ಮೀನಿಗೆ ಗಾಳವೇಕೆ, ಧೋತರವೇ ಸಾಕು.

ಹಿಡಿದದ್ದರಲ್ಲಿ ಹೆಚ್ಚಿನ ಪಾಲು ಗೆಳೆಯನ ಮನೆಗೆ. ನಮ್ಮದು ಲಿಂಗಾಯತರ ಮನೆ. ಅಲ್ಲಿ ಮೀನಿಗೆ ಜಾಗವಿದ್ದದ್ದು ಪಂಚಾಂಗದ ರಾಶಿಗಳ ನಡುವೆ ಮಾತ್ರ. ಅವನ ಅವ್ವ ಮೀನನ್ನು ಬೂದಿ ಹಚ್ಚಿ ತಿಕ್ಕಿ, ಉಗುರಿನಲ್ಲೇ ಹೊಟ್ಟೆ ಚಿವುಟಿ, ಖಾರಪುಡಿ, ಅರಿಷಿಣ, ಹುಣಸೆಹುಳಿ ಸವರಿ ರೊಟ್ಟಿ ಬೇಯಿಸಿದ ಹಂಚಿನ ಮೇಲೇ ಹರವುತ್ತಿದ್ದಳು. ಚುರ್ ಎಂದ ಸಪ್ಪಳದ ಹಿಂದೆಯೇ ವಾಸನೆ ಕಟ್ಟೆಗೆ ಬರುತ್ತಿತ್ತು. ಕಟ್ಟೆಯ ಮೇಲೆ ಬಿಸಿ ರೊಟ್ಟಿ ಹಿಡಿದು ನಾನು. ಆ ವಾಸನೆ ಹಚ್ಚಿಕೊಂಡು ತಿಂದ ಬರಿ ರೊಟ್ಟಿಯ ರುಚಿಯನ್ನು ಆಮೇಲೆ ಯಾವ ಎಣ್ಣೆಗಾಯಿಯೂ ಕೊಟ್ಟಿಲ್ಲ.

ಉಳಿದ ನಾಲ್ಕಾರು ಮೀನು ಡಬ್ಬಿಯಲ್ಲಿ ನನ್ನ ಜೊತೆ ಬಂದು ಹಿತ್ತಲ ಬಾವಿಗೆ ಇಳಿಯುತ್ತಿದ್ದವು. ಒಂದು ಸಂಜೆ ಆಯಿ ಹಿಡಿದಳು.

“ಧೋತರ ಯಾಕ ಹಸಿ ಆಗೇತೋ?”

“ಹನಮಪ್ಪನ ಗುಡಿ ಮುಂದ ಜಾರಿ ಬಿದ್ದೆ, ಆಯಿ.”

“ಹನಮಪ್ಪನ ಗುಡಿ ಮುಂದ ಮೀನ ವಾಸನಿ ಎಲ್ಲಿಂದ ಬಂತೋ, ಬಾಡ್ಯಾ?”

ಮುಂದೆ ಎಷ್ಟೋ ದಿನದ ಮೇಲೆ ನೀರು ಸೇದುವಾಗ ಕೊಡದಲ್ಲಿ ಒಂದು ಮೀನು ಮೇಲೆ ಬಂತು. ಆಯಿ “ಶಿವ ಶಿವಾ” ಎಂದು ಮುಖ ಕಿವುಚಿ ಅದನ್ನು ನೀರಿನ ಸಮೇತ ಬಾವಿಗೆ ಸುರಿದಳು. ಆಮೇಲೆ ಅತ್ತಿತ್ತ ನೋಡಿ, ಸೆರಗಿನ ತುದಿಯಿಂದ ರೊಟ್ಟಿಯ ಚೂರೊಂದನ್ನು ಬಿಚ್ಚಿ, ಪುಡಿ ಮಾಡಿ, ಬಾವಿಯೊಳಕ್ಕೆ ಉದುರಿಸಿದಳು.